ಲಾಯರ್ ಮೇಡಂ ಕೇಳಿ: ಹೊಸಕೋಟೆ–ದೇವನಹಳ್ಳಿ ಸುತ್ತಿನ ಜಮೀನು, ಸೈಟು, ಖಾತೆ

ಅಡ್ಮಿನ್: ಕಂದಾಯ ಕೋರ್ಟಿನ ಕೇಸುಗಳನ್ನೇ ನಡೆಸೋ ಮೇಡಂ ಇವತ್ತು ಸಂಜೆ ನಮ್ಮ ಗುಂಪಿನಲ್ಲಿ ಇರ್ತಾರೆ. ಪ್ರಶ್ನೆ ಚಿಕ್ಕದಾಗಿರಲಿ. ಎಕರೆ ರೇಟು ಕೇಳಬೇಡಿ. ಫಾರ್ವರ್ಡ್ ಹಾಕಬೇಡಿ.

ಸೈಟ್ ಹುಡುಕಾಟ: ನಮಸ್ಕಾರ ಮೇಡಂ. ಬೂದಿಗೆರೆ ಕ್ರಾಸ್‌ನಿಂದ ಒಳಗಡೆ 30x40 ಸೈಟು ನೋಡಿದ್ದೀವಿ. ಪಂಚಾಯ್ತಿಯ 11ಬಿ ಖಾತೆ ಇದೆ. ತಗೋಬಹುದಾ?

ವಕೀಲರು: ನಮಸ್ಕಾರ. 11ಬಿ ಇದೆ ಅಂದ್ರೆ ಪಂಚಾಯ್ತಿ ಲೆಕ್ಕದಲ್ಲಿ ಆ ಸೈಟಿದೆ, ತೆರಿಗೆ ಕಟ್ಟಿಸ್ಕೊಳ್ತಾರೆ ಅಂತ ಅಷ್ಟೇ. ಬಡಾವಣೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಇದೆ ಅಂತ ಅರ್ಥ ಅಲ್ಲ. ಅನುಮೋದಿತ ನಕ್ಷೆ, ಕೃಷಿ ಭೂಮಿನ ಸೈಟಿಗೆ ಬಳಸೋಕೆ ಕೊಡೋ ಭೂಪರಿವರ್ತನೆ (ಕನ್ವರ್ಷನ್) ಆದೇಶ, ರಸ್ತೆ-ಪಾರ್ಕು ಪಂಚಾಯ್ತಿಗೆ ಬಿಟ್ಟುಕೊಟ್ಟ ಪತ್ರ, ಈ ಮೂರೂ ಕೇಳಿ. ಕೊಡದೇ ಇದ್ರೆ ಬಿಟ್ಟುಬಿಡಿ.

ರಾಗಿಮುದ್ದೆ: ಮೇಡಂ, ಚನ್ನರಾಯಪಟ್ಟಣ ಹೋಬಳಿ ನಮ್ಮದು. ಕೈಗಾರಿಕೆಗೆ ಅಂತ ಸ್ವಾಧೀನಕ್ಕೆ ಹೊರಟಿದ್ದ ಕೆಐಎಡಿಬಿ ನಮ್ಮ ಭೂಮಿ ಕೈಬಿಟ್ಟಿತಲ್ಲ, ಇನ್ನು ಆರಾಮಾಗಿ ಮಾರಬಹುದಾ?

ವಕೀಲರು: 1,777 ಎಕರೆ ಕೈಬಿಡ್ತೀವಿ ಅಂತ ಮುಖ್ಯಮಂತ್ರಿ 2025ರ ಜುಲೈ 15ಕ್ಕೆ ಘೋಷಿಸಿದ್ರು. ಆದ್ರೆ ಸಬ್‌ರಿಜಿಸ್ಟ್ರಾರ್ ಘೋಷಣೆ ನೋಡಲ್ಲ, ಪಹಣಿ ನೋಡ್ತಾರೆ. 11ನೇ ಕಾಲಂನಲ್ಲಿ ಕೆಐಎಡಿಬಿ ನಮೂದು ಹೋಗಿದೆಯಾ ಅಂತ ಈವತ್ತಿನ ಪಹಣಿ ತೆಗೆಸಿ ನೋಡಿ.

ಊರ ಹುಡುಗ: ಸ್ವಾಧೀನದ ವಿರುದ್ಧ ಹೋರಾಟ ಮಾಡಿದವರಿಗೆ ದೊಡ್ಡ ನಮಸ್ಕಾರ. ಏರ್‌ಪೋರ್ಟ್ ಪಕ್ಕ ಇದ್ದೂ ನಮ್ಮ ಭೂಮಿ ರಾಗಿ ರೇಟಲ್ಲೇ ಉಳೀತು.

ರಾಗಿಮುದ್ದೆ: ತಮ್ಮಾ, ರಾಗಿ ರೇಟಾ? ದ್ರಾಕ್ಷಿ, ರೇಷ್ಮೆ, ತರಕಾರಿ ಬೆಳೀತೀವಿ ನಾವು. ನಿಮ್ಮಪ್ಪ ಮಾರಿದ ದುಡ್ಡಲ್ಲಿ ಫಾರ್ಚುನರ್ ತಗೊಂಡ್ರಲ್ಲ, ಈಗ ಡೀಸೆಲ್‌ಗೆ ಏನು ಮಾಡ್ತಿದ್ದೀರ?

ಊರ ಹುಡುಗ: ಅಪ್ಪನ ಸುದ್ದಿ ಯಾಕೆ ಎತ್ತುತೀರ?

ಅಡ್ಮಿನ್: ಪ್ರಶ್ನೆ ಮಾತ್ರ ದಯವಿಟ್ಟು.

ಲೇಔಟ್ ನಿವಾಸಿ: ಮೇಡಂ, ನಮ್ಮ ಲೇಔಟ್ ಗೋಡೆಗೆ ಅಂಟಿಕೊಂಡೇ ಕೋಳಿ ಫಾರಂ ಇದೆ. ಬೇಸಿಗೆ ಬಂದ್ರೆ ಕಿಟಕಿ ತೆಗೆಯೋಕಾಗಲ್ಲ. ಯಾರಿಗೆ ದೂರು ಕೊಡಬೇಕು?

ರಾಗಿಮುದ್ದೆ: ಕೋಳಿಗಳು ಮೊದಲು ಬಂದಿದ್ದು ಸ್ವಾಮಿ. ನೀವು ಆಮೇಲೆ ಬಂದ್ರಿ. ನಿಮ್ಮ ಬಚ್ಚಲು ನೀರು ನಮ್ಮ ಕೆರೆಗೆ ಬರ್ತಿದೆಯಲ್ಲ, ಅದಕ್ಕೆ ನಾವು ಯಾರಿಗೆ ದೂರು ಕೊಡೋಣ?

ಲೇಔಟ್ ನಿವಾಸಿ: ನಮ್ಮಲ್ಲಿ ಕೊಳಚೆ ನೀರು ಶುದ್ಧ ಮಾಡೋ ಎಸ್‌ಟಿಪಿ ಇದೆ.

ರಾಗಿಮುದ್ದೆ: ಇದೆ, ಸ್ವಿಚ್ ಹಾಕಿದ್ದು ಯಾರೂ ನೋಡಿಲ್ಲ.

ಗೌಡ್ರ ಮೊಮ್ಮಗ: \*ಶುಭ ಸುದ್ದಿ! ನೋಟರಿ ಅಗ್ರಿಮೆಂಟ್ ಜೊತೆ ಜಿಪಿಎ ಇದ್ದು 12 ವರ್ಷ ಸ್ವಾಧೀನದಲ್ಲಿದ್ದರೆ ನೀವೇ ಮಾಲೀಕರು. ಕೋರ್ಟಿಗೆ ಹೋಗುವ ಅಗತ್ಯವಿಲ್ಲ. ಎಲ್ಲಾ ಗುಂಪುಗಳಿಗೂ ಕಳಿಸಿ\* ಮೇಡಂ, ನಿಜಾನಾ?

ವಕೀಲರು: ಸುಳ್ಳು. ಜಿಪಿಎ ಅಂದ್ರೆ ಇನ್ನೊಬ್ಬರ ಪರವಾಗಿ ವ್ಯವಹರಿಸೋಕೆ ಕೊಡೋ ಅಧಿಕಾರ ಪತ್ರ ಅಷ್ಟೇ. ಅದರ ಮೇಲೆ ಮಾರಾಟ ಮಾಡಿದ್ರೆ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಸೂರಜ್ ಲ್ಯಾಂಪ್ ಕೇಸಲ್ಲಿ ಹೇಳಿದೆ. ಮಾಲೀಕನ ಜೊತೆ ಒಪ್ಪಂದ ಮಾಡ್ಕೊಂಡು ಒಳಗೆ ಬಂದವರು, ಅವನ ವಿರುದ್ಧವಾಗೇ 12 ವರ್ಷ ಕೂತಿದ್ದೆ ಅಂತ ಹೇಳೋಕೆ ಬರಲ್ಲ. ಇದನ್ನ ನಂಬಿ ಉಳಿತಾಯವೆಲ್ಲ ಕಳ್ಕೊಂಡವರು ನನ್ನ ಆಫೀಸಿಗೆ ಬಂದು ಕೂರ್ತಾರೆ. ಫಾರ್ವರ್ಡ್ ಮಾಡಿದವರು ಬರಲ್ಲ.

ಮೂರನೇ ತಲೆಮಾರು: ಮೇಡಂ, ಸೂಲಿಬೆಲೆ ಕಡೆಯವರು ನಾವು, ಪರಿಶಿಷ್ಟ ಜಾತಿ. 2 ಎಕರೆ 10 ಗುಂಟೆ ಇನ್ನೂ ತಾತನ ಹೆಸರಲ್ಲೇ ಇದೆ. ತಾತ ತೀರಿಕೊಂಡು ಬಹಳ ವರ್ಷ ಆಯ್ತು. ಡೆವಲಪರ್ ಒಬ್ಬರು ಜೆಡಿಎ (ಜಂಟಿ ಅಭಿವೃದ್ಧಿ ಒಪ್ಪಂದ) ಕೇಳ್ತಿದ್ದಾರೆ. ಎಲ್ಲ ಖರ್ಚೂ ಅವರದ್ದೇ, ಬಡಾವಣೆ ಆದ್ಮೇಲೆ ಸೈಟುಗಳಲ್ಲಿ ನಮಗೆ ಶೇ 45. ಕನ್ವರ್ಷನ್ ಕೆಲಸಕ್ಕೆ ಅಂತ ರಿಜಿಸ್ಟರ್ಡ್ ಜಿಪಿಎ ಕೇಳಿದ್ದಾರೆ. ವಂಶವೃಕ್ಷ ಅವರ ಏಜೆಂಟ್ ಮಾಡಿಸಿ ತಂದ್ರು, ಅತ್ತೆಯರಿಬ್ಬರ (ತಾತನ ಹೆಣ್ಣುಮಕ್ಕಳು) ಹೆಸರಿಲ್ಲ. ಪಹಣಿ 10ನೇ ಕಾಲಂನಲ್ಲಿ ಎಲ್‌ಎನ್‌ಡಿ ಅಂತ ಏನೋ ನಂಬರ್ ಇದೆ. ಇದರಿಂದ ತೊಂದರೆ ಆಗುತ್ತಾ?

ವಕೀಲರು: ಏನಕ್ಕೂ ಸಹಿ ಹಾಕಬೇಡಿ. ಮೊದಲು ಇದನ್ನ ಓದಿ.

ಎಲ್‌ಎನ್‌ಡಿ ಅಂತಿರೋದು ಮಂಜೂರಾತಿ ಆದೇಶದ ಸಂಖ್ಯೆ ಇರಬೇಕು. ಅಂದ್ರೆ ನಿಮ್ಮ ತಾತನಿಗೆ ಸರ್ಕಾರ ಕೊಟ್ಟ ಜಮೀನು. ಮನೆ ಟ್ರಂಕಲ್ಲಿ ಮಂಜೂರಾತಿಗೆ ಕೊಟ್ಟ ಸಾಗುವಳಿ ಚೀಟಿ ಇದೆಯಾ ನೋಡಿ. ಇಲ್ಲದಿದ್ರೆ ತಾಲ್ಲೂಕು ಕಚೇರಿ ದಾಖಲೆ ಕೊಠಡಿಯಿಂದ ಮಂಜೂರಾತಿ ಕಡತದ ದೃಢೀಕೃತ ನಕಲು ತಗೊಳ್ಳಿ. ಪರಿಶಿಷ್ಟ ಜಾತಿಯವರಿಗೆ ಮಂಜೂರಾದ ಭೂಮಿಗೆ 1978ರ ಪಿಟಿಸಿಎಲ್ ಕಾಯ್ದೆ ಇದೆ. ಸರ್ಕಾರದ ಪೂರ್ವಾನುಮತಿ ಇಲ್ದೆ ಪರಭಾರೆ ಮಾಡೋ ಹಾಗಿಲ್ಲ. ಮಾಡಿದ್ರೆ ಅದು ಶೂನ್ಯ, ಉಪವಿಭಾಗಾಧಿಕಾರಿ ಜಮೀನು ವಾಪಸ್ ತಗೋಬಹುದು.

ಎಲ್ಲರೂ ಎಡವೋದು ಇಲ್ಲೇ. ಆ ಕಾಯ್ದೆಯಲ್ಲಿ ಪರಭಾರೆ ಅಂದ್ರೆ ಕ್ರಯ ಒಂದೇ ಅಲ್ಲ. ಅಡಮಾನ, ಗುತ್ತಿಗೆ, ಮಾರಾಟದ ಕರಾರು ಕೂಡ ಅದರೊಳಗೇ ಬರುತ್ತೆ. ಅಂದ್ರೆ ಬರೀ ಅಗ್ರಿಮೆಂಟ್‌ಗೇ ಅನುಮತಿ ಬೇಕು. ಹೊರಗಿಟ್ಟಿರೋದು ಎರಡೇ: ಮನೆಯವರೊಳಗಿನ ವಿಭಾಗ, ಮತ್ತೆ ವಿಲ್. ‘ಕನ್ವರ್ಷನ್ ಆದ್ಮೇಲೆ ಪಿಟಿಸಿಎಲ್ ಅನ್ವಯ ಆಗಲ್ಲ’ ಅಂತ ಡೆವಲಪರ್ ಹೇಳೇ ಹೇಳ್ತಾರೆ. ಅವರ ಮಾತು ನಂಬಿ ಹೆಬ್ಬೆಟ್ಟು ಒತ್ತಬೇಡಿ.

ಆ ಜಿಪಿಎನ ಪದ ಪದ ಓದಿಸಿ. ಕನ್ವರ್ಷನ್‌ಗೆ ಅಂತ ಹೇಳಿ ‘ಮಾರಲು, ಅಡವಿಡಲು, ರದ್ದುಪಡಿಸಲಾಗದ’ ಅಂತ ಮೂರು ಪದ ಸೇರಿಸಿರ್ತಾರೆ. ನಾಳೆ ನಿಮ್ಮ ಭೂಮಿ ಮೇಲೆ ಅವರು ಸಾಲ ಎತ್ತಿದ್ರೂ ನಿಮಗೆ ಗೊತ್ತಾಗೋದು ಬ್ಯಾಂಕಿನ ನೋಟಿಸ್ ಬಂದಾಗಲೇ.

ಅತ್ತೆಯರ ವಿಷಯ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟ 2005ರ ತಿದ್ದುಪಡಿವರೆಗೂ ಹೋಗೋದು ಬೇಡ. ತಾತನ ಸ್ವಂತದ್ದೇ ಆಗಿ, ವಿಲ್ ಬರೀದೆ ತೀರಿಕೊಂಡಿದ್ರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರನೇ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಸಮ ಪಾಲು. ವಂಶವೃಕ್ಷದಲ್ಲಿ ಅವರನ್ನ ಬಿಟ್ಟಿರೋದು ಸುಳ್ಳು ದಾಖಲೆ. ಸಹಿ ಮಾಡಿದ್ರೆ ಹೊಣೆ ನಿಮ್ಮದಾಗುತ್ತೆ, ಏಜೆಂಟನದ್ದಲ್ಲ. ಅತ್ತೆಯರನ್ನ ಕೂರಿಸ್ಕೊಂಡು ಮಾತಾಡಿ. ಸರಿಯಾದ ವಂಶವೃಕ್ಷದ ಮೇಲೆ, ತಾತನ ಹೆಸರಿಂದ ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸಿ. ಜೆಡಿಎ ಮಾತು ಆಮೇಲೆ.

ಊರ ಹುಡುಗ: ಮಾರಾಟ ಆಗಿ ಬಹಳ ವರ್ಷದ ಮೇಲೆ ಹಾಕಿದ ಪಿಟಿಸಿಎಲ್ ಕೇಸು ನಡೆಯಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆಯಲ್ಲ ಮೇಡಂ?

ವಕೀಲರು: 2017ರಲ್ಲಿ ಹೇಳಿತ್ತು. 2023ರಲ್ಲಿ ವಿಧಾನಮಂಡಲ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಅಂದಿತು. ಅದರ ಮೇಲೂ ಹೈಕೋರ್ಟಲ್ಲಿ ವಾದ ನಡೆದಿದೆ. ಇವರು ಇನ್ನೂ ಮಾರೇ ಇಲ್ಲ, ಇವರಿಗೆ ಆ ಚರ್ಚೆ ಬೇಡ.

ಗೌಡ್ರ ಮೊಮ್ಮಗ: ಅತ್ತೆಯರಿಗೆ ಮದುವೆ ಮಾಡಿ, ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟಿರ್ತೀವಿ. ಭೂಮಿ ಬೆಲೆ ಏರಿದ್ ತಕ್ಷಣ ಎಲ್ಲರಿಗೂ ತವರು ನೆನಪಾಗುತ್ತೆ.

ದೊಡ್ಮಗಳು: ಬೆಲೆ ಏರೋ ಮುಂಚೆ ಕಳೆ ಕೀಳೋಕೆ ನಾವು ನೆನಪಾಗ್ತಿದ್ವಿ ಅಣ್ಣಾ. ಮದುವೆ ಖರ್ಚಿಗೆ ಸಾಲ ಮಾಡಿದ್ದು ಅಪ್ಪ, ತೀರಿಸಿದ್ದು ಅಮ್ಮ ಹಾಲು ಹಾಕಿ.

ಗೌಡ್ರ ಮೊಮ್ಮಗ: ನಿಮ್ಮ ಮನೆ ಕತೆ ಇಲ್ಲಿ ಬೇಡಮ್ಮ.

ದೊಡ್ಮಗಳು: ನನ್ನ ಅಣ್ಣನೂ ಇದನ್ನೇ ಹೇಳಿದ್ದು. ಮೇಡಂ, ಅಪ್ಪ 2005ಕ್ಕೂ ಮುಂಚೆ ತೀರಿಕೊಂಡ್ರೆ ಪಿತ್ರಾರ್ಜಿತದಲ್ಲಿ ಪಾಲಿಲ್ಲ ಅಂತಾರೆ?

ವಕೀಲರು: ಇದೆ ತಾಯಿ. ಅಪ್ಪ ಬದುಕಿರಬೇಕು ಅಂತೇನಿಲ್ಲ ಅಂತ 2020ರ ಆಗಸ್ಟ್ 11ಕ್ಕೆ ವಿನೀತಾ ಶರ್ಮಾ ಕೇಸಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನ ಮಾಡಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆದ ವಿಭಾಗ ಪತ್ರ ಇದೆಯಾ ನೋಡಿ, ಇದ್ರೆ ತೊಡಕು. ಇಲ್ಲದಿದ್ರೆ, ನಿಮಗೆ ಪಾಲಿಲ್ಲ ಅಂತ ಅವರು ಹೇಳಿದ ದಿನದಿಂದ ಕಾಲಾವಧಿ ಲೆಕ್ಕಕ್ಕೆ ಬರುತ್ತೆ. ತಡ ಮಾಡಬೇಡಿ.

ಸೈಟ್ ಹುಡುಕಾಟ 2: ಮೇಡಂ, 11ಬಿ ಸೈಟು ತಗೋಬಹುದಾ?

ವಕೀಲರು: ಮೇಲೆ ಓದಿ.

ಗೌಡ್ರ ಮೊಮ್ಮಗ: \*ಮದುವೆಯಾದ ಹೆಣ್ಣುಮಕ್ಕಳಿಗೆ ತವರಿನ ಆಸ್ತಿಯಲ್ಲಿ ಹಕ್ಕಿಲ್ಲ: ಹೊಸ ಆದೇಶ! ಶೇರ್ ಮಾಡಿ\*

ವಕೀಲರು: ಯಾವ ಕೋರ್ಟು, ಕೇಸ್ ನಂಬರ್ ಎಷ್ಟು, ತಾರೀಕೇನು? ಮೂರೂ ಹಾಕಿ, ಇಲ್ಲ ಅಳಿಸಿ. ಅಡ್ಮಿನ್, ಇನ್ನೊಂದು ಫಾರ್ವರ್ಡ್ ಬಂದ್ರೆ ನಾನು ಹೊರಟೆ.

ಹೊಸಬ: ಅರ್ಧ ಎಕರೆ ಮಾತ್ರ ಮಾರಬೇಕು ಮೇಡಂ. ಏನೇನು ಬೇಕು?

ವಕೀಲರು: ಮೊದಲು 11ಇ ನಕ್ಷೆ ಮಾಡಿಸಿ, ಅಂದ್ರೆ ಮಾರೋ ಭಾಗ ಅಳೆದು ಗುರುತಿಸೋ ಸರ್ವೆ ನಕ್ಷೆ.

ಲೇಔಟ್ ನಿವಾಸಿ: ಕೋಳಿ ಫಾರಂ ಬಗ್ಗೆ ಹೇಳಲೇ ಇಲ್ಲ ಮೇಡಂ.

ರಾಗಿಮುದ್ದೆ: ಮೊಟ್ಟೆ ತಿನ್ನೋದು ಬಿಟ್ಬಿಡಿ, ಫಾರಂ ತಾನಾಗೇ ಮುಚ್ಚುತ್ತೆ.

ಮೂರನೇ ತಲೆಮಾರು: ಮೇಡಂ, ಅಪ್ಪ ಹೋದ ವಾರನೇ ಅಡ್ವಾನ್ಸ್ ಅಂತ 2 ಲಕ್ಷ ಕ್ಯಾಶ್ ತಗೊಂಡು ಬಿಳೀ ಹಾಳೆ ಮೇಲೆ ಸಹಿ ಮಾಡಿದ್ದಾರಂತೆ. ಈಗಷ್ಟೇ ಹೇಳಿದ್ರು.

ವಕೀಲರು: ಎಷ್ಟು ಹಾಳೆ? ಛಾಪಾ ಕಾಗದನಾ, ಬರೀ ಹಾಳೆನಾ? ನಾಳೆನೇ ಆ ಹಣನ ಅಪ್ಪನ ಖಾತೆಗೆ ಹಾಕಿ, ಅಲ್ಲಿಂದ ಅವರ ಖಾತೆಗೆ ವಾಪಸ್ ಕಳಿಸಿ. ಕೈಗೆ ಕೊಡಬೇಡಿ, ಗುರುತಿರಲ್ಲ. ಸಹಿ ಮಾಡಿದ ಹಾಳೆ ಹಿಂದಿರುಗಿಸಿ ಅಂತ ರಿಜಿಸ್ಟರ್ಡ್ ಪೋಸ್ಟಲ್ಲಿ ನೋಟಿಸ್ ಹೋಗಬೇಕು, ಅದನ್ನ ವಕೀಲರಿಂದಲೇ ಬರೆಸಿ. ಅಪ್ಪನ್ನ ಒಬ್ಬರನ್ನೇ ಸಬ್‌ರಿಜಿಸ್ಟ್ರಾರ್ ಆಫೀಸ್ ಕಡೆ ಬಿಡಬೇಡಿ.

ಮೂರನೇ ತಲೆಮಾರು: ಆಗಲಿ ಮೇಡಂ. ಪಹಣಿ ಮತ್ತೆ ವಂಶವೃಕ್ಷದ ಫೋಟೊ ಹಾಕಿದ್ದೀನಿ, ನೋಡ್ತೀರಾ?

ವಕೀಲರು: ಈಗಲೇ ಡಿಲೀಟ್ ಮಾಡಿ, ಆಧಾರ್ ನಂಬರ್ ಕಾಣ್ತಿದೆ. ಇದೇ ಗುಂಪಲ್ಲಿ ಏಜೆಂಟರೂ ಇದ್ದಾರೆ. ಮೂಲ ಕಾಗದ ಎಲ್ಲ ತಗೊಂಡು ಆಫೀಸಿಗೆ ಬನ್ನಿ. ಅತ್ತೆಯರನ್ನೂ ಕರ್ಕೊಂಡು ಬನ್ನಿ.