ಮೂಡಲ್ ಕಿರುಪರೀಕ್ಷೆ: ಕನ್ನಡದ ಸರಿ ಉತ್ತರಕ್ಕೂ ಸೊನ್ನೆ ಬರುತ್ತಿದೆ

ಕನ್ನಡ ಉಪನ್ಯಾಸಕಿ:
ಬಿ.ಎ. ಎರಡನೆಯ ಸೆಮಿಸ್ಟರ್‌ಗೆ ಮೂಡಲ್ ಎಂಬ ಆನ್‌ಲೈನ್ ಕಲಿಕಾ ವ್ಯವಸ್ಥೆಯಲ್ಲಿ 10 ಅಂಕದ ಕಿರುಪರೀಕ್ಷೆ ಇಟ್ಟಿದ್ದೆ. ಹಲ್ಮಿಡಿ ಶಾಸನ ಯಾವ ಜಿಲ್ಲೆಯದು ಎಂಬ ಪ್ರಶ್ನೆಗೆ ನಾನು ತುಂಬಿಟ್ಟ ಉತ್ತರ ‘ಹಾಸನ’. ‘ಹಾಸನ ಜಿಲ್ಲೆ’ ಎಂದು ಬರೆದವರಿಗೆಲ್ಲ ಸೊನ್ನೆ! ಕೊನೆಯ ಬೆಂಚಿನಲ್ಲಿ ತುಟಿ ಬಿಚ್ಚದೆ ಕೂರುವ ಹುಡುಗಿಯೊಬ್ಬಳು ಮೊದಲ ಬಾರಿಗೆ ಎಲ್ಲವನ್ನೂ ಸರಿಯಾಗಿ ಬರೆದಿದ್ದಳು. ಮೊಬೈಲಿನಲ್ಲಿ ಕೆಂಪು ಗುರುತು ನೋಡಿ ಅವಳ ಮುಖ ಬಾಡಿಹೋಯಿತು. ರಾತ್ರಿಯೆಲ್ಲ ನನಗೆ ನಿದ್ದೆ ಹತ್ತಲಿಲ್ಲ. ಏನು ಮಾಡಲಿ?

ಗಣಕ ವಿಭಾಗದವನು:
ಮೇಡಂ, ಮೂಡಲ್ ಅರ್ಥ ನೋಡುವುದಿಲ್ಲ, ಅಕ್ಷರಗಳನ್ನು ಹೋಲಿಸುತ್ತದೆ. ಉತ್ತರವನ್ನು ‘ಹಾಸನ*’ ಎಂದು ತಿದ್ದಿ. ನಕ್ಷತ್ರ ಚಿಹ್ನೆಯ ಜಾಗದಲ್ಲಿ ಏನಿದ್ದರೂ ಒಪ್ಪುತ್ತದೆ. ಆಮೇಲೆ ಫಲಿತಾಂಶದ ಪುಟದಲ್ಲಿ ಮರುಮೌಲ್ಯಮಾಪನ ಮಾಡಿಸಿ. ಮಕ್ಕಳು ಮತ್ತೆ ಬರೆಯಬೇಕಿಲ್ಲ.

ಹಳಗನ್ನಡದ ಮೇಷ್ಟ್ರು:
ಒಂದೇ ಪ್ರಶ್ನೆಗೆ ಹಲವು ಉತ್ತರಗಳನ್ನು ಸೇರಿಸಿ, ಒಂದೊಂದಕ್ಕೂ ಬೇರೆ ಅಂಕ ಕೊಡಬಹುದು. ಬಾದಾಮಿ ಶಾಸನ ಹೊಗಳುವ ವೀರ ಕಪ್ಪೆ ಅರಭಟ್ಟನ ಹೆಸರನ್ನು ಉತ್ತರವಾಗಿ ಕೇಳಿದಾಗ ನನ್ನ ವಿದ್ಯಾರ್ಥಿಗಳು ‘ಕಪ್ಪೆಅರಭಟ್ಟ’, ‘ಕಪ್ಪೆ ಅರಬಟ್ಟ’ ಎಂದೆಲ್ಲ ಬರೆದಿದ್ದರು. ಪದ ಕೂಡಿಸಿದ್ದಕ್ಕೆ ಪೂರ್ತಿ ಅಂಕ, ಅಲ್ಪಪ್ರಾಣದ ತಪ್ಪಿಗೆ ಶೇ. 80 ಇಟ್ಟೆ. ಆದರೆ ಆ ಶಾಸನದಲ್ಲಿರುವ ತ್ರಿಪದಿಯ ಸೊಗಸನ್ನು ವಿವರಿಸಿ ಎಂಬಂಥ ಪ್ರಶ್ನೆಯನ್ನು ಪ್ರಬಂಧ ಮಾದರಿಯಲ್ಲೇ ಇಟ್ಟು ನೀವೇ ಓದಿ ತಿದ್ದಿ. ಅದನ್ನು ಯಂತ್ರಕ್ಕೆ ಬಿಡಲೇಬಾರದು.

ಕನ್ನಡ ಉಪನ್ಯಾಸಕಿ:
ಈಗಷ್ಟೇ ಮಾಡಿದೆ ಸರ್. 14 ಮಂದಿಗೆ ಅಂಕ ಮರಳಿತು. ಅವಳಿಗೆ ಹತ್ತಕ್ಕೆ ಹತ್ತು! ನಾಳೆ ತರಗತಿಯಲ್ಲಿ ಮೊದಲು ಅವಳ ಬೆಂಚಿನ ಬಳಿಗೇ ಹೋಗುತ್ತೇನೆ.