ಟ್ರಿಪ್ಪಲ್ಲಿ ಸೂಪರ್ ಆಗಿದ್ದ ವೈನ್ ಮನೇಲಿ ಯಾಕೆ ಒಗರು?

ಹಾದಿಹೋಕ:
ಪ್ರಶ್ನೆ ಸ್ವಲ್ಪ ಉದ್ದ ಇದೆ, ಪುರುಸೊತ್ತಿದ್ದವರು ಓದಿ. ನಾವಿಬ್ರೂ, ನಾನು ನನ್ನ ಹೆಂಡ್ತಿ, ಎಲ್ಲಿಗೆ ಹೋದ್ರೂ ಮೊದಲು ನೋಡೋದು ಊಟ, ಮ್ಯೂಸಿಯಂ ಬೇಕಾದ್ರೆ ಬಿಡ್ತೀವಿ ಊಟ ಬಿಡಲ್ಲ. ಇಟಲಿಯ ಟಸ್ಕನಿಲಿ ಒಂದು ಸಣ್ಣ ಜಾಗದಲ್ಲಿ ಟೊಮ್ಯಾಟೊ ಸಾಸ್ ಪಾಸ್ತಾ ಜೊತೆ ಕಿಯಾಂಟಿ ಕ್ಲಾಸಿಕೊ ಅನ್ನೋ ರೆಡ್ ವೈನ್ ಕುಡಿದ್ವಿ, ಅಷ್ಟು ಚೆನ್ನಾಗಿತ್ತು ಅಂತ ಅದೇ ಲೇಬಲ್‌ದು ಒಂದು ಬಾಟ್ಲಿ ಹೊತ್ಕೊಂಡು ಬಂದ್ವಿ. ಮನೇಲಿ ಒಂದಿನ ರಾತ್ರಿ ಸಿನಿಮಾ ನೋಡ್ತಾ ತೆಗೆದ್ರೆ ಬರೀ ಹುಳಿ, ನಾಲಿಗೆ ಎಲ್ಲಾ ಒಣಗಿದ ಹಾಗೆ ಒಗರು. ವೈನ್ ಕೆಟ್ಟಿತ್ತಾ? ಇಲ್ಲಾ ರಜೆ ಖುಷಿಲಿ ಏನ್ ಕುಡಿದ್ರೂ ಚೆನ್ನಾಗೇ ಇರತ್ತಾ? ಇನ್ನೊಂದು, ನಮ್ಮನೇಲಿ ಅಡುಗೆ ಖಾರ ಜಾಸ್ತಿ, ಅದಕ್ಕೆ ಯಾವ ವೈನ್ ಹೊಂದತ್ತೆ? ಇಬ್ರೇ ಇರೋದು, ಒಂದು ಬಾಟ್ಲಿ ಖಾಲಿ ಆಗಲ್ಲ, ಮಿಕ್ಕಿದ್ದನ್ನ ಏನ್ ಮಾಡ್ತೀರ? ಮತ್ತೆ ಟ್ರಿಪ್ಪಲ್ಲಿ ಹೇಗೆ ಆರ್ಡರ್ ಮಾಡ್ತೀರ ಅದನ್ನೂ ಹೇಳಿ, ವೈನ್ ಲಿಸ್ಟ್ ನೋಡಿದ್ರೆ ನಂಗೆ ಪರೀಕ್ಷೆ ಪೇಪರ್ ಕೊಟ್ಟ ಹಾಗಾಗತ್ತೆ.

ಬಿರಡೆಬಾಯಿ:
ವೈನ್ ಕೆಟ್ಟಿರಲಿಲ್ಲ ಗುರು, ಅದರ ಪಕ್ಕ ತಟ್ಟೆ ಇರಲಿಲ್ಲ ಅಷ್ಟೆ. ಕಿಯಾಂಟಿ ಕ್ಲಾಸಿಕೊದಲ್ಲಿ ಕಡಿಮೆ ಅಂದ್ರೂ ಶೇ 80 ಸಾಂಜೊವೇಸೆ ದ್ರಾಕ್ಷಿ ಇರ್ಲೇಬೇಕು ಅಂತ ರೂಲ್ ಇದೆ, ಆ ದ್ರಾಕ್ಷಿಗೆ ಹುಳಿನೂ ಜಾಸ್ತಿ, ಟ್ಯಾನಿನ್ ಅನ್ನೋ ಒಗರಿನ ಅಂಶನೂ ಜಾಸ್ತಿ. ಟೊಮ್ಯಾಟೊ ಹುಳಿ ಎದುರಿಗೆ ಇದ್ದಾಗ ವೈನ್ ಹುಳಿ ಗೊತ್ತೇ ಆಗಲ್ಲ. ಟ್ಯಾನಿನ್ ಬರೋದು ದ್ರಾಕ್ಷಿ ಸಿಪ್ಪೆ, ಬೀಜದಿಂದ, ಅದು ನಮ್ಮ ಎಂಜಲಲ್ಲಿರೋ ಪ್ರೊಟೀನ್‌ಗೆ ಅಂಟ್ಕೊಳತ್ತೆ, ಅದಕ್ಕೇ ಬಾಯಿ ಒಣಗಿದ ಹಾಗೆ ಅನ್ಸೋದು. ಚೀಸು, ಮಾಂಸ, ಎಣ್ಣೆ, ಉಪ್ಪು ಏನಾದ್ರೂ ಬಾಯಲ್ಲಿದ್ರೆ ಆ ಒಗರು ತಗ್ಗತ್ತೆ. ನೀವು ಖಾಲಿ ಬಾಯಲ್ಲಿ ಸಿನಿಮಾ ನೋಡ್ತಾ ಕುಡಿದ್ರೆ ಅದು ಇನ್ನೇನು ಮಾಡತ್ತೆ ಪಾಪ.

ನಂಬಿಕೆ ಇಲ್ಲ ಅಂದ್ರೆ ಇವತ್ತೇ ಒಂದು ಟೆಸ್ಟ್ ಮಾಡಿ. ಒಗರಿರೋ ರೆಡ್ ಒಂದು ಗುಟುಕು ಕುಡೀರಿ, ಆಮೇಲೆ ನಿಂಬೆ ಹೋಳಿಗೆ ಉಪ್ಪು ಹಚ್ಚಿ ನೆಕ್ಕಿ, ಮತ್ತೆ ಅದೇ ವೈನ್ ಕುಡೀರಿ. ಬೇರೆ ಬಾಟ್ಲಿನೇ ತೆಗೆದ್ರೇನೋ ಅನ್ನೋಷ್ಟು ಮೆತ್ತಗಾಗಿರತ್ತೆ. ಆಮೇಲೆ ಸಕ್ಕರೆ ಹಾಕಿರೋ ಏನಾದ್ರೂ ತಿಂದು ಕುಡೀರಿ, ಅದೇ ವೈನ್ ಕಹಿ ಹುಳಿ ಆಗೋಗತ್ತೆ, ಅದಕ್ಕೇ ಡೆಸರ್ಟ್ ಜೊತೆ ಡೆಸರ್ಟ್‌ಗಿಂತ ಸಿಹಿಯಾದ ವೈನೇ ಬೇಕು ಅನ್ನೋದು. ಈ ಟೆಸ್ಟ್ ಗೊತ್ತಿದ್ರೆ ಯಾವ ಊಟಕ್ಕೆ ಯಾವ ವೈನ್ ಅನ್ನೋ ಪೇರಿಂಗ್ ಚಾರ್ಟು ಗೀರ್ಟು ಏನೂ ಬೇಡ.

ಇನ್ನೊಂದು ಟೆಂಪರೇಚರ್. ರೆಡ್‌ನ ರೂಮ್ ಟೆಂಪರೇಚರಲ್ಲಿ ಕುಡೀಬೇಕು ಅಂತಾರಲ್ಲ, ಅದು ಚಳಿ ದೇಶದ ಹಳೇ ಮನೆಗಳ ರೂಮು, 28 ಡಿಗ್ರಿ ರೂಮಲ್ಲ. ರೆಡ್‌ಗೆ 15ರಿಂದ 18 ಡಿಗ್ರಿ ಸಾಕು. ಬಿಸಿ ಆದ್ರೆ ಮೂಗಿಗೆ ಬರೀ ಆಲ್ಕೋಹಾಲ್ ವಾಸನೆ. ಕುಡಿಯೋ ಮುಂಚೆ ಅರ್ಧ ಗಂಟೆ ಫ್ರಿಜ್ಜಲ್ಲಿಡಿ, ಯಾರೇನಂದ್ರೂ ತಲೆ ಕೆಡಿಸ್ಕೋಬೇಡಿ. ವೈಟ್‌ನ ಉಲ್ಟಾ, ಫ್ರಿಜ್ಜಿಂದ ತೆಗೆದು ಹತ್ತು ನಿಮಿಷ ಬಿಟ್ಟು ಕುಡೀರಿ, ಐಸ್ ಥರ ಕೊರೀತಿದ್ರೆ ವಾಸನೆನೂ ಇಲ್ಲ ರುಚಿನೂ ಇಲ್ಲ.

ಮೆಣಸಿನಕಾಯಿ:
ಖಾರದ್ದು ನಾನು ಹೇಳ್ತೀನಿ ಯಾಕಂದ್ರೆ ಎಲ್ಲರೂ ಇದರಲ್ಲಿ ತಪ್ಪು ಸಲಹೆ ಕೊಡ್ತಾರೆ. ಖಾರಕ್ಕೆ ಜೋರಾಗಿರೋ ರೆಡ್ ಬೇಕು, ಶಿರಾಜ್ ತಗೊಳಿ ಅಂತಾರೆ. ಬೇಡ. ಆಲ್ಕೋಹಾಲ್ ಖಾರದ ಉರಿನ ಜಾಸ್ತಿ ಮಾಡತ್ತೆ, ಟ್ಯಾನಿನ್ ಅದಕ್ಕೆ ಇನ್ನಷ್ಟು ಒಗರು ಸೇರಿಸತ್ತೆ, ಶೇ 14.5 ಇರೋ ರೆಡ್ ಜೊತೆ ಮೆಣಸಿನಕಾಯಿ ತಿಂದ್ರೆ ಬೆಂಕಿಗೆ ಸೀಮೆಎಣ್ಣೆ ಸುರಿದ ಹಾಗೆ. ಜರ್ಮನಿಯ ಮೋಸೆಲ್ ಕಡೆಯ ರೀಸ್ಲಿಂಗ್ ಕ್ಯಾಬಿನೆಟ್ ಅನ್ನೋ ವೈಟ್ ವೈನ್ ಹುಡುಕಿ, ಸಾಮಾನ್ಯವಾಗಿ ಶೇ 8, 9ರ ಆಸುಪಾಸು ಆಲ್ಕೋಹಾಲ್, ಸಣ್ಣ ಸಿಹಿ, ಒಳ್ಳೆ ಹುಳಿ. ಆ ಸಿಹಿ ಖಾರನ ಹಿಡಿದು ಕೂರಿಸತ್ತೆ, ಹುಳಿ ಬಾಯಿ ತೊಳೆಯತ್ತೆ. ಆದ್ರೆ ಲೇಬಲ್ ಮೇಲೆ ಟ್ರೋಕನ್ ಅಂತ ಇದ್ರೆ ಅದು ಡ್ರೈ, ಅಂದ್ರೆ ಸಿಹಿ ಇಲ್ಲದ್ದು, ಅದರಲ್ಲಿ ಆಲ್ಕೋಹಾಲ್ ಕೂಡ ಜಾಸ್ತಿ, ನೋಡ್ಕೊಂಡು ತಗೊಳಿ. ಸಿಕ್ಕಿಲ್ಲ ಅಂದ್ರೆ ತಣ್ಣಗಿನ ರೋಸೆ, ಅಂದ್ರೆ ಗುಲಾಬಿ ಬಣ್ಣದ ವೈನ್, ಅದೂ ಇಲ್ಲಾಂದ್ರೆ ಬೊಜೊಲೆ ಥರ ಹಗುರಾದ ರೆಡ್‌ನ ಚೆನ್ನಾಗಿ ತಣ್ಣಗೆ ಮಾಡಿ.

ಸಿಹಿ ವೈನ್ ಅಂದ್ರೆ ಮೂಗು ಮುರಿಯೋರಿದ್ದಾರೆ, ಅವರು ಮುರ್ಕೊಳ್ಲಿ ಬಿಡಿ.

ಊರೂರ_ಊಟ:
ಟ್ರಿಪ್ ವಿಷಯಕ್ಕೆ ಬರ್ತೀನಿ. ನಮ್ಮ ಪಾಲಿಸಿ ಒಂದೇ, ಆ ಊರಲ್ಲಿ ಏನ್ ಬೆಳೀತಾರೋ ಅದನ್ನೇ ಆ ಊರಿನ ಊಟದ ಜೊತೆ ಕುಡಿಯೋದು. ನೂರಾರು ವರ್ಷ ಜೊತೆಗೇ ಬೆಳೆದಿರೋವು, ಬಹಳಷ್ಟು ಸಲ ಹೊಂದತ್ತೆ. ಫ್ರಾನ್ಸಲ್ಲಿ ಸಾನ್ಸೇರ್ ವೈನೂ ಪಕ್ಕದ ಶಾವಿನ್ಯೋಲ್ ಊರಿನ ಆಡಿನ ಹಾಲಿನ ಚೀಸೂ ಒಟ್ಟಿಗೆ ತಿಂದು ನೋಡಿ, ಲುವಾರ್ ನದಿ ಸಮುದ್ರ ಸೇರೋ ಕಡೆ ಹೋದ್ರೆ ಮಸ್ಕಡೆ ಅನ್ನೋ ವೈಟ್ ಜೊತೆ ಆಯ್ಸ್ಟರ್ (ಸಿಂಪಿ), ಇದಕ್ಕೆ ಯಾವ ಎಕ್ಸ್‌ಪರ್ಟೂ ಬೇಡ.

ಲಿಸ್ಟ್ ಭಯ ಇದ್ರೆ ಲಿಸ್ಟ್ ಇಲ್ಲದ ಕಡೆ ಹೋಗಿ! ಸ್ಪೇನ್‌ನ ರಿಯೋಹಾದಲ್ಲಿ ಲೊಗ್ರೋನ್ಯೊ ಅಂತ ಊರು, ಅಲ್ಲಿ ಲಾವ್ರೆಲ್ ಬೀದಿ ಪೂರ್ತಿ ಚಿಕ್ಕ ಚಿಕ್ಕ ಬಾರುಗಳು, ಒಂದೊಂದರಲ್ಲಿ ಒಂದೊಂದು ತಿಂಡಿ ಫೇಮಸ್ಸು, ಒಂದರಲ್ಲಿ ಅಣಬೆ ಆದ್ರೆ ಇನ್ನೊಂದರಲ್ಲಿ ಬೇರೇನೋ, ಒಂದು ಗ್ಲಾಸ್ ಒಂದು ತಿಂಡಿ ಮುಗಿಸಿ ಮುಂದಿನ ಬಾಗಿಲಿಗೆ ಹೋಗ್ತಾ ಇರೋದು, ನಿಂತ್ಕೊಂಡೇ ತಿನ್ನೋದು, ಯಾರೂ ನಿಮ್ಮನ್ನ ವಿಂಟೇಜ್, ಅಂದ್ರೆ ಯಾವ ವರ್ಷದ ದ್ರಾಕ್ಷಿದು ಅಂತ, ಕೇಳಲ್ಲ. ವೆನಿಸ್‌ನ ಬಾಕರೊ ಅನ್ನೋ ಪುಟ್ಟ ವೈನ್ ಬಾರುಗಳೂ ಹೀಗೇ, ಕೌಂಟರ್ ಮೇಲೆ ಚಿಕೆಟ್ಟಿ ಅನ್ನೋ ಸಣ್ಣ ತಿಂಡಿಗಳನ್ನ ಜೋಡಿಸಿಟ್ಟಿರ್ತಾರೆ, ಬೆರಳು ತೋರ್ಸಿದ್ರೆ ಆಯ್ತು. ವಿಯೆನ್ನಾ ನನ್ನ ಫೇವರಿಟ್, ನಗರದೊಳಗೇ ದ್ರಾಕ್ಷಿ ತೋಟ ಇದೆ. ಬೆಳೆಗಾರರು ಸ್ವಂತ ವೈನ್ ಮಾರಬಹುದು ಅಂತ 1784ರಲ್ಲಿ ಚಕ್ರವರ್ತಿ ಎರಡನೇ ಜೋಸೆಫ್ ಆದೇಶ ಹೊರಡಿಸಿದ್ದ, ಹೊಯ್ರಿಗರ್ ಅನ್ನೋ ಆ ಬೆಳೆಗಾರರ ವೈನ್ ಅಂಗಡಿಗಳು ಇವತ್ತಿಗೂ ನಡೀತಿವೆ, ಬಾಗಿಲ ಮೇಲೆ ಮರದ ಹಸಿರು ಕೊಂಬೆ ಕಟ್ಟಿದ್ರೆ ಓಪನ್ ಅಂತ. ಹಲವು ಜಾತಿ ದ್ರಾಕ್ಷಿನ ಒಂದೇ ತೋಟದಲ್ಲಿ ಬೆಳೆದು ಒಟ್ಟಿಗೇ ಕಿತ್ತು ಮಾಡೋ ಗೆಮಿಷ್ಟರ್ ಸಾಟ್ಸ್ ಅನ್ನೋ ವೈನ್ ಕೊಡ್ತಾರೆ, ಬೆಂಚಲ್ಲಿ ಕೂತು ಬ್ರೆಡ್ಡು ಚೀಸು ಜೊತೆ ಅದನ್ನ ಕುಡಿದ್ರೆ ಸಾಯಂಕಾಲ ಹೋಗಿದ್ದೇ ಗೊತ್ತಾಗಲ್ಲ.

ದೊಡ್ಡ ರೆಸ್ಟೋರೆಂಟಿಗೆ ಹೋಗೋ ಹಾಗಿದ್ರೆ ಮಧ್ಯಾಹ್ನ ಹೋಗಿ, ತುಂಬಾ ಕಡೆ ಲಂಚ್ ಮೆನು ರಾತ್ರಿದಕ್ಕಿಂತ ಅಗ್ಗ. ಸೊಮೆಲಿಯೆ, ಅಂದ್ರೆ ವೈನ್ ಆರಿಸಿಕೊಡೋರ ಹತ್ರ ಬಜೆಟ್ ಹೇಳೋಕೆ ಮುಜುಗರ ಆದ್ರೆ ಲಿಸ್ಟಲ್ಲಿ ಒಂದು ಬೆಲೆ ಮೇಲೆ ಬೆರಳಿಟ್ಟು ಇಂಥದ್ದು ಬೇಕು ಅನ್ನಿ, ಅವರಿಗೆ ಅರ್ಥ ಆಗತ್ತೆ. ಮೊದಲು ಸ್ವಲ್ಪ ಸುರಿದು ಕೊಡ್ತಾರಲ್ಲ, ಅದು ನಿಮಗೆ ಇಷ್ಟ ಆಯ್ತಾ ಅಂತ ಅಲ್ಲ, ವೈನ್ ಹಾಳಾಗಿದ್ಯಾ ಅಂತ. ನೆಂದ ರಟ್ಟಿನ ವಾಸನೆ ಬಂದ್ರೆ ಅದು ಕಾರ್ಕ್ ದೋಷ, ಧೈರ್ಯವಾಗಿ ವಾಪಸ್ ಕಳ್ಸಿ.

ಮತ್ತೆ ವೈನರಿಗೆ ಕಾರಲ್ಲಿ ಹೋಗೋರಿಗೆ: ರುಚಿ ನೋಡಿ ಉಗುಳೋ ಪಾತ್ರೆ ಇಟ್ಟಿರೋದು ಅಲಂಕಾರಕ್ಕಲ್ಲ. ಹಂಗೇರಿ, ಚೆಕ್ ಥರ ದೇಶಗಳಲ್ಲಿ ಡ್ರೈವರ್‌ಗೆ ಆಲ್ಕೋಹಾಲ್ ಮಿತಿ ಸೊನ್ನೆ.

ಹಾದಿಹೋಕ:
ನಿಂಬೆ ಉಪ್ಪು ಈಗಷ್ಟೇ ಮಾಡ್ದೆ 😄 ಹೆಂಡ್ತಿ ಕಣ್ಮುಚ್ಚಿ ಕುಡಿದು ಎರಡನೇ ಗುಟುಕು ಬೇರೆ ವೈನ್ ಅಂದ್ಲು. ಥ್ಯಾಂಕ್ಸ್ ಬಿರಡೆಬಾಯಿ. ಒಂದು ಡೌಟು, ಅವಳು ವೆಜಿಟೇರಿಯನ್, ವೈನಲ್ಲಿ ನೋಡೋಕೆ ಏನಾದ್ರೂ ಇದ್ಯಾ? ಮತ್ತೆ ಬಾಟ್ಲಿ ತರೋದು...

ತಟ್ಟೆಬಟ್ಟಲು:
ಇದೆ. ವೈನ್ ತಿಳಿ ಮಾಡೋಕೆ ಕೆಲವರು ಮೊಟ್ಟೆಯ ಬಿಳಿ, ಹಾಲಿನ ಕೇಸೀನ್, ಜಿಲೆಟಿನ್, ಮೀನಿನ ಗಾಳಿಚೀಲದಿಂದ ಮಾಡಿದ ಐಸಿಂಗ್ಲಾಸ್ ಹಾಕ್ತಾರೆ, ಆಮೇಲೆ ಸೋಸಿ ತೆಗೀತಾರೆ ಆದ್ರೂ ಕೆಲವರಿಗೆ ಅದು ಆಗಲ್ಲ. ಬೆಂಟೊನೈಟ್ ಅನ್ನೋ ಜೇಡಿಮಣ್ಣು ಬಳಸೋರೂ ಇದ್ದಾರೆ. ಬಾಟ್ಲಿ ಮೇಲೆ ವೀಗನ್ ಗುರುತು ಇದ್ರೆ ಸುಲಭ.

ಊಟಕ್ಕೆ ಅಣಬೆ ಜೊತೆ ಪಿನೊ ನುವಾರ್ ಅನ್ನೋ ರೆಡ್ ಕಣ್ಮುಚ್ಕೊಂಡು ತಗೊಳಿ. ಚೀಸ್ ಅಂದ ತಕ್ಷಣ ರೆಡ್ ತೆಗೀತಾರೆ, ನನ್ನ ಪ್ರಕಾರ ಮುಕ್ಕಾಲು ಚೀಸುಗಳಿಗೆ ವೈಟೇ ಸರಿ, ನೀಲಿ ಚೀಸಿಗಂತೂ ಸೊಟರ್ನ್ ಇಲ್ಲಾ ಪೋರ್ಟ್ ಥರ ಸಿಹಿದು. ನಿಮಗೆ ಮೀನು ಇಷ್ಟ ಇದ್ರೆ ಅದರ ಜೊತೆ ಒಗರು ರೆಡ್ ಬೇಡ, ರೆಡ್‌ನಲ್ಲಿ ಕಬ್ಬಿಣದ ಅಂಶ ಜಾಸ್ತಿ ಇದ್ರೆ ಮೀನಿನ ನೀಚು ವಾಸನೆ ಎದ್ದು ಬರತ್ತೆ.

ಬಾಟ್ಲಿ ತರೋದು: ಹ್ಯಾಂಡ್ ಬ್ಯಾಗಲ್ಲಿ ಸಾಮಾನ್ಯವಾಗಿ ಆಗಲ್ಲ, ಚೆಕ್ ಇನ್ ಮಾಡಿ. ಶೇ 24ಕ್ಕಿಂತ ಕಮ್ಮಿ ಆಲ್ಕೋಹಾಲ್ ಇರೋದಕ್ಕೆ ವಿಮಾನದ ಸುರಕ್ಷತೆ ರೂಲಲ್ಲಿ ಮಿತಿ ಇಲ್ಲ, ಕಸ್ಟಮ್ಸ್ ಮಿತಿ ಮಾತ್ರ ಇಳಿಯೋ ದೇಶದ್ದು ನೋಡ್ಕೊಳಿ. ಬಾಟ್ಲಿನ ಕಾಲುಚೀಲದೊಳಗೆ ತೂರಿಸಿ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಸೂಟ್‌ಕೇಸ್ ಮಧ್ಯದಲ್ಲಿ ಬಟ್ಟೆ ಸುತ್ತಿ ಇಡಿ, ಅಂಚಿಗೆ ಇಡಬೇಡಿ. ಒಂದೊಂದು ಬಾಟ್ಲಿ ಸುಮಾರು ಒಂದೂಕಾಲು ಕೇಜಿ ತೂಗತ್ತೆ, ಲಗೇಜ್ ಲೆಕ್ಕ ಮೊದಲೇ ಹಾಕಿ. ಮನೆ ಹತ್ರನೇ ಸಿಗೋ ವೈನ್ ಹೊತ್ಕೊಂಡು ಬರೋದು ದಂಡ, ಹೊರಗೆಲ್ಲೂ ಸಿಗದ ಸಣ್ಣ ತಯಾರಕರದ್ದು ಆರಿಸಿ.

ಬಿರಡೆಬಾಯಿ:
ಮಿಕ್ಕಿದ್ದರ ಬಗ್ಗೆ ಯಾರೂ ಹೇಳ್ಲಿಲ್ಲ ಅಲ್ವಾ. 375 ಎಂಎಲ್ ಖಾಲಿ ಬಾಟ್ಲಿ ಒಂದು ತೊಳೆದು ಒಣಗಿಸಿ ಇಟ್ಕೊಳಿ. ದೊಡ್ಡ ಬಾಟ್ಲಿ ತೆಗೆದ ತಕ್ಷಣ ಅದಕ್ಕೆ ಕಂಠದವರೆಗೂ ತುಂಬಿ ಮುಚ್ಚಳ ಹಾಕಿ ಫ್ರಿಜ್ಜಿಗೆ, ರೆಡ್ಡೂ ಫ್ರಿಜ್ಜಿಗೇ. ಗಾಳಿ ತಾಗೋಕೆ ಜಾಗ ಇಲ್ಲದ್ದರಿಂದ ಅರ್ಧ ಖಾಲಿ ಬಾಟ್ಲಿಗಿಂತ ಜಾಸ್ತಿ ದಿನ ತಡೆಯತ್ತೆ. ಸುಮ್ನೆ ಬಿರಡೆ ಹಾಕಿ ಫ್ರಿಜ್ಜಲ್ಲಿಟ್ರೆ ಮೂರರಿಂದ ಐದು ದಿನ ಅಂದ್ಕೊಳಿ. ಅದಕ್ಕೂ ಮೀರಿದ್ರೆ ಸಾಸ್‌ಗೆ ಹಾಕಿ, ಆದ್ರೆ ಮಕ್ಕಳಿಗೆ ಬಡಿಸೋದಾದ್ರೆ ಹುಷಾರು, ಕುದಿಸಿದ್ರೆ ಆಲ್ಕೋಹಾಲ್ ಎಲ್ಲಾ ಹೋಗತ್ತೆ ಅನ್ನೋದು ಸುಳ್ಳು, ಅರ್ಧ ಗಂಟೆ ಕುದಿಸಿದ್ಮೇಲೂ ಸುಮಾರು ಮೂರನೇ ಒಂದು ಭಾಗ ಉಳಿದಿರತ್ತೆ.