ಅಮೆರಿಕದಲ್ಲಿ ಪಿಎಚ್‌ಡಿ: ಯೂನಿವರ್ಸಿಟಿ ಇನ್ಶೂರೆನ್ಸಾ, ಹೊರಗಿನ ಅಗ್ಗದ್ದಾ?

ಪ್ರಶ್ನೆ
ಆಗಸ್ಟ್‌ನಲ್ಲಿ ಅಮೆರಿಕಕ್ಕೆ ಪಿಎಚ್‌ಡಿಗೆ ಹೊರಟಿದ್ದೇನೆ, ಎಫ್-1 ವೀಸಾ. ಯೂನಿವರ್ಸಿಟಿಯ ಹೆಲ್ತ್ ಪ್ಲಾನ್ ರೇಟು ನೋಡಿ ತಲೆ ತಿರುಗಿತು. ಹೊರಗಿನ ಕಂಪನಿಯೊಂದು ಅದರ ಅರ್ಧಕ್ಕಿಂತ ಕಡಿಮೆಗೆ ಕೊಡುತ್ತದೆ. ಚಿಕ್ಕಂದಿನಿಂದ ಆಸ್ತಮಾ ಇದೆ, ಇನ್ಹೇಲರ್ ಬಿಟ್ಟರೆ ಬೇರೆ ಔಷಧಿ ಇಲ್ಲ. ವೇವರ್ (ಯೂನಿವರ್ಸಿಟಿ ಪ್ಲಾನ್ ಬೇಡ ಅಂತ ವಿನಾಯಿತಿ ಕೇಳುವ ಅರ್ಜಿ) ಹಾಕಿ ಅಗ್ಗದ್ದನ್ನೇ ತಗೊಳ್ಳಲಾ?

ಉತ್ತರ 1
ಆಸ್ತಮಾ ಅಂದಿರಲ್ಲ, ಅಲ್ಲೇ ಉತ್ತರ ಇದೆ. ಆ ಅಗ್ಗದ ಪಾಲಿಸಿಯಲ್ಲಿ ‘ಎಕ್ಸ್‌ಕ್ಲೂಷನ್ಸ್’ ಅನ್ನುವ, ಯಾವುದಕ್ಕೆಲ್ಲ ದುಡ್ಡು ಕೊಡುವುದಿಲ್ಲ ಅಂತ ಹೇಳುವ ಭಾಗ ಇರುತ್ತದೆ, ಮೊದಲು ಅದನ್ನು ಓದಿ. ಇಂಥವು ಎಷ್ಟೋ ಸಲ ವೇಷ ಹಾಕಿದ ಟ್ರಾವೆಲ್ ಇನ್ಶೂರೆನ್ಸ್. ಮೊದಲೇ ಇದ್ದ ಕಾಯಿಲೆಗೆ ದುಡ್ಡು ಕೊಡುವುದಿಲ್ಲ, ಇಲ್ಲವೇ ಇಷ್ಟು ತಿಂಗಳು ಕಾಯಿರಿ ಅನ್ನುತ್ತಾರೆ. ಯೂನಿವರ್ಸಿಟಿಯವರು ವಿಮಾ ಕಂಪನಿಯ ಮೂಲಕ ಕೊಡುವ ಪ್ಲಾನ್‌ಗೆ 2010ರ ಅಫೋರ್ಡಬಲ್ ಕೇರ್ ಆ್ಯಕ್ಟ್ ಅನ್ವಯಿಸುತ್ತದೆ. ಹಳೇ ಕಾಯಿಲೆ ಅಂತ ಕೈ ಎತ್ತುವ ಹಾಗಿಲ್ಲ. (ಕೆಲವು ಯೂನಿವರ್ಸಿಟಿಗಳು ತಮ್ಮದೇ ದುಡ್ಡಿನಲ್ಲಿ ಪ್ಲಾನ್ ನಡೆಸುತ್ತವೆ. ಅವಕ್ಕೆ ಆ ಕಾನೂನು ಹಾಗೇ ತಾಗುವುದಿಲ್ಲ, ನಿಮ್ಮದು ಯಾವುದು ಅಂತ ಕೇಳಿಕೊಳ್ಳಿ.)

ಪ್ರೀಮಿಯಂ ಒಂದನ್ನೇ ನೋಡಬೇಡಿ. ಡಿಡಕ್ಟಿಬಲ್ (ಕಂಪನಿ ಕೊಡಲು ಶುರು ಮಾಡುವ ಮುಂಚೆ ನೀವೇ ಕಟ್ಟುವ ಮೊತ್ತ) 500 ಡಾಲರ್, ಕೋಇನ್ಶೂರೆನ್ಸ್ (ಆಮೇಲಿನ ಬಿಲ್‌ನಲ್ಲಿ ನಿಮ್ಮ ಪಾಲು) ಶೇ 20 ಅಂತಿಟ್ಟುಕೊಳ್ಳಿ. ರಾತ್ರಿ ಉಸಿರು ಕಟ್ಟಿ ಎಮರ್ಜೆನ್ಸಿಗೆ ಹೋದಿರಿ, ಬಿಲ್ 3,000 ಡಾಲರ್ ಬಂತು. ಮೊದಲ 500 ನಿಮ್ಮದು. ಉಳಿದ 2,500ರಲ್ಲಿ ಶೇ 20, ಅಂದರೆ ಇನ್ನೊಂದು 500. ಒಟ್ಟು 1,000 ನಿಮ್ಮ ಜೇಬಿನಿಂದ. ವರ್ಷಕ್ಕೆ ಹೀಗೆ ಎಷ್ಟರವರೆಗೆ ಕೊಡಬೇಕು ಅನ್ನುವುದಕ್ಕೆ ಒಂದು ಮಿತಿ ಇರುತ್ತದೆ, ‘ಔಟ್ ಆಫ್ ಪಾಕೆಟ್ ಮ್ಯಾಕ್ಸಿಮಮ್’. ನಾನಂತೂ ಮೊದಲು ಹುಡುಕುವುದು ಆ ಅಂಕಿಯನ್ನೇ. ಅಗ್ಗದ ಪಾಲಿಸಿಗಳಲ್ಲಿ ಎಷ್ಟೋ ಸಲ ಇದು ಉಲ್ಟಾ: ಮಿತಿ ಇರುವುದು ಕಂಪನಿ ಕೊಡುವ ದುಡ್ಡಿಗೆ, ಮಿಕ್ಕಿದ್ದೆಲ್ಲ ನಿಮ್ಮ ತಲೆಗೆ.

ಉತ್ತರ 2
ಪಿಎಚ್‌ಡಿ ಅಂದರೆ ಟಿಎ ಅಥವಾ ಆರ್‌ಎ (ಪಾಠಕ್ಕೆ ಅಥವಾ ಸಂಶೋಧನೆಗೆ ಸಹಾಯಕರ) ಕೆಲಸ ಇರಬೇಕಲ್ವಾ? ಆಫರ್ ಲೆಟರ್ ಇನ್ನೊಮ್ಮೆ ತೆಗೆದು ಓದಿ. ಎಷ್ಟೋ ಕಡೆ ಪ್ರೀಮಿಯಂ ಪೂರ್ತಿಯಾಗಿ ಅಥವಾ ಜಾಸ್ತಿ ಪಾಲು ಅವರೇ ಕಟ್ಟುತ್ತಾರೆ. ಇನ್ನು ವೇವರ್, ಅದನ್ನು ಸುಮ್ನೆ ಕೇಳಿದರೆ ಕೊಡುವುದಿಲ್ಲ. ನಿಮ್ಮ ಪಾಲಿಸಿ ಅವರ ಷರತ್ತಿಗೆ ಸರಿಹೊಂದಬೇಕು, ಅರ್ಜಿಗೆ ಕೊನೇ ದಿನಾಂಕವೂ ಇರುತ್ತದೆ.

ಪ್ರಶ್ನೆ ಕೇಳಿದವರು
ಟಿಎ ಇದೆ. ಲೆಟರಿನಲ್ಲಿ ‘ಹೆಲ್ತ್ ಸಬ್ಸಿಡಿ’ ಅಂತ ಒಂದು ಸಾಲಿದೆ, ಎಷ್ಟು ಅಂತ ಬರೆದಿಲ್ಲ. ಡಿಪಾರ್ಟ್‌ಮೆಂಟಿಗೆ ಮೇಲ್ ಹಾಕಿದ್ದೇನೆ. ಹಲ್ಲು, ಕನ್ನಡಕ ಇದರಲ್ಲೇ ಬರುತ್ತದಾ?

ಉತ್ತರ 1
ಸಾಮಾನ್ಯವಾಗಿ ಇಲ್ಲ, ಬೇರೆ ತಗೊಳ್ಳಬೇಕು. ಹಲ್ಲಿನ ಕೆಲಸ ಏನಿದ್ದರೂ ಹೊರಡುವ ಮುಂಚೆ ಮುಗಿಸಿಕೊಳ್ಳಿ. ಪ್ಲಾನ್ ಯಾವ ತಾರೀಖಿನಿಂದ ಶುರು ಅಂತಲೂ ನೋಡಿ. ಅದಕ್ಕಿಂತ ಮುಂಚೆ ಬಂದಿಳಿಯುವುದಾದರೆ ಆ ನಡುವಿನ ದಿನಗಳಿಗೆ ಮಾತ್ರ ಒಂದು ಟ್ರಾವೆಲ್ ಪಾಲಿಸಿ ಮಾಡಿಸಿ, ಇನ್ಹೇಲರ್ ಮಾತ್ರ ಜೊತೆಗೇ ತನ್ನಿ.